ಇಟಗಿಯ ಕಂಬ, ಶಾಲೆಯ ಕಂಬ

ಕೊಪ್ಪಳಕ್ಕೆ ಬಂದವರು ಇಟಗಿ ನೋಡದೆ ಹೋಗಬಾರದು. 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದೇ ಕರೆದಿದೆ. ನಾನು ಕಂಬಗಳ ಕುಸುರಿ ನೋಡುತ್ತಿದ್ದರೆ, ಜೊತೆಗೆ ಬಂದಿದ್ದ ಎಂಜಿನಿಯರಿಂಗ್ ಮೇಷ್ಟ್ರು ಕಂಬದ ತಲೆ, ಕಾಲು ನೋಡುತ್ತಿದ್ದರು. ‘ಮೇಲಿನ ಭಾರವನ್ನು ನೆಲಕ್ಕೆ ಇಳಿಸೋದಷ್ಟೇ ಇದರ ಕೆಲಸ. ಒತ್ತಿದರೆ ಕಲ್ಲು ತಡೀತದೆ. ಎಳೆದರೆ ತಡೆಯೋಲ್ಲ. ಅದಕ್ಕೇ ಕಾಂಕ್ರೀಟಿನೊಳಗೆ ಕಬ್ಬಿಣ ಬಂತು, ಕಬ್ಬಿಣದ ಹಿಂದೆ ತುಕ್ಕೂ ಬಂತು’ ಎಂದರು.

ಆ ತುಕ್ಕು ನೋಡಲೆಂದೇ ಅವರು ಬಂದಿದ್ದು. ಯಲಬುರ್ಗಾ ಕಡೆಯ ಒಂದು ಹಳ್ಳಿಯ ಶಾಲೆ, 1960ರ ದಶಕದ ಕಟ್ಟಡ. ಪಡಸಾಲೆಯಲ್ಲಿ ಒಂಬತ್ತಿಂಚು ಚೌಕದ ಆರು ಕಂಬ. ಎರಡರ ಬುಡದಲ್ಲಿ ಗಾರೆ ಉದುರಿ ಸರಳು ಹೊರಬಿದ್ದಿತ್ತು. ಮಕ್ಕಳನ್ನು ಕಳಿಸಲು ಕೆಲವು ಪಾಲಕರು ಹಿಂದೆಮುಂದೆ ನೋಡತೊಡಗಿದ್ದರು.

‘ಅಷ್ಟೊರ್ಷದಿಂದ ನಿಂತಾವಲ್ರೀ ಸರ, ಇನ್ನೊಂದಷ್ಟು ವರ್ಷ ನಿಲ್ಲಾಂಗಿಲ್ಲೇನ್ರಿ?’ ಹೆಡ್‌ಮಾಸ್ತರರ ಪ್ರಶ್ನೆ.

ಮೇಷ್ಟ್ರು ಉತ್ತರಿಸದೆ ಚೀಲದಿಂದ ಸುತ್ತಿಗೆಯಂಥ ಉಪಕರಣ ತೆಗೆದು ಕಂಬಕ್ಕೆ ಒತ್ತಿದರು. ಅದು ಪುಟಿದೇಳುವ ಅಳತೆಯಿಂದ ಕಾಂಕ್ರೀಟಿನ ಗಟ್ಟಿತನ ಊಹಿಸುತ್ತಾರೆ. ಆದರೆ ಹಳೆಯ ಕಂಬದ ಮೈ ಗಾಳಿಯ ಇಂಗಾಲಾಮ್ಲ ಕುಡಿದು ಬಿರುಸಾಗಿರುವುದರಿಂದ ಇದು ಹೆಚ್ಚು ಅಂಕ ಕೊಟ್ಟುಬಿಡುವುದುಂಟು. ಹಾಗಾಗಿ ಹೊಸದಾಗಿ ಒಡೆದ ಜಾಗಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿದರು. ಶಾಲೆಯ ಪ್ರಯೋಗಾಲಯದಲ್ಲಿ ನೀವು ಬಳಸುವ ಅದೇ ದ್ರಾವಣ. ಕಾಂಕ್ರೀಟಿನ ಕ್ಷಾರಗುಣ ಉಳಿದಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಆ ಕ್ಷಾರವೇ ಸರಳನ್ನು ತುಕ್ಕಿನಿಂದ ಕಾಯುವುದು. ನಾಲ್ಕು ಕಂಬಗಳು ಗುಲಾಬಿಯಾದವು. ಎರಡರಲ್ಲಿ ಸರಳಿನವರೆಗೂ ಬಣ್ಣವೇ ಇಲ್ಲ.

ಇನ್ನು ಲೆಕ್ಕ. ವಿದ್ಯಾರ್ಥಿಗಳು ಬೇಕಾದರೆ ಮಾಡಿ ನೋಡಿ. ಕಂಬ 230 ಮಿ.ಮೀ. ಚೌಕ, ಅಂದರೆ 52,900 ಚದರ ಮಿ.ಮೀ. ಐ.ಎಸ್. 456ರ 2000ದ ಆವೃತ್ತಿ ಕಂಬಕ್ಕೆ ಕನಿಷ್ಠ ಶೇ. 0.8 ಕಬ್ಬಿಣ ಕೇಳುತ್ತದೆ: 423. 12 ಮಿ.ಮೀ.ನ ನಾಲ್ಕು ಸರಳಿದ್ದರೆ 452, ಪಾಸು. ತುಕ್ಕು ಕೆರೆದು ಅಳೆದಾಗ ಆ ಎರಡು ಕಂಬಗಳ ಸರಳು 10 ಮಿ.ಮೀ.ಗೆ ಇಳಿದಿತ್ತು. ಈಗ 314 ಮಾತ್ರ. ಸರಳುಗಳು ಹೊರಕ್ಕೆ ಬಾಗದಂತೆ ಕಟ್ಟುವ ರಿಂಗುಗಳ ನಡುವೆ ಸರಳಿನ ದಪ್ಪದ 16 ಪಟ್ಟು, ಅಂದರೆ 192 ಮಿ.ಮೀ. ಮೀರಬಾರದು. ಅಂದಿನ ಗೌಂಡಿ ಗೇಣಿಗೊಂದು ಹಾಕಿದ್ದ. ಅವನ ಗೇಣು ಉದಾರವಾದದ್ದು, 250 ಬಂತು.

ಹಾಗೆಂದು ಇಂದಿನ ನಿಯಮಗಳನ್ನೆಲ್ಲ ಹಳೆಯ ಕಂಬದ ಮೇಲೆ ಹೇರುವುದೂ ತಪ್ಪೇ. ಕಂಬ 300 ಮಿ.ಮೀ.ಗಿಂತ ಸಣ್ಣದಿರಬಾರದೆನ್ನುವ 2016ರ ಐ.ಎಸ್. 13920 ಮೂರನೇ ಭೂಕಂಪ ವಲಯದಿಂದ ಮೇಲಿನವುಗಳಿಗೆ ಕಡ್ಡಾಯ. ಅದೇ ವರ್ಷದ ಐ.ಎಸ್. 1893ರ ನಕ್ಷೆಯಲ್ಲಿ ಕೊಪ್ಪಳ ಎರಡನೇ ವಲಯ. ಹಳೆಯ ಕಟ್ಟಡಗಳ ಭೂಕಂಪ ಪರೀಕ್ಷೆಗೆಂದೇ 2013ರಲ್ಲಿ ಐ.ಎಸ್. 15988 ಬಂದಿದೆ. ಶೇ. 0.8 ಇಲ್ಲವೆಂದ ಮಾತ್ರಕ್ಕೆ ಕಂಬ ನಾಳೆಯೇ ಬೀಳುವುದಿಲ್ಲ. ನಿಜವಾಗಿ ಹೊರುತ್ತಿರುವ ಭಾರವೆಷ್ಟು ಎಂಬುದೇ ಮುಖ್ಯ. ಅದನ್ನು ತೂಗಲು ಕೊರೆದು ತೆಗೆದ ಮೂರು ಕಾಂಕ್ರೀಟ್ ತುಂಡುಗಳನ್ನಾದರೂ ಪ್ರಯೋಗಾಲಯದಲ್ಲಿ ಒಡೆದು ನೋಡಬೇಕು.

‘ನಾಲ್ಕು ಕಂಬಕ್ಕೆ ಹೆದರಬೇಡಿ. ಈ ಎರಡಕ್ಕೆ ಇವತ್ತೇ ಆಧಾರ ಕೊಡಿ. ಆಮೇಲೆ ತುಕ್ಕು ತೆಗೆದು, ಸುತ್ತಲೂ ಹೊಸ ಸರಳು, ರಿಂಗು ಕಟ್ಟಿ, ನಾಲ್ಕಿಂಚು ಕಾಂಕ್ರೀಟಿನ ಕವಚ ಹಾಕಿಸಿ. ಬರೀ ಗಾರೆ ಮೆತ್ತಿ ಸುಣ್ಣ ಬಳಿದರೆ ರೋಗ ಮುಚ್ಚಿಟ್ಟಂತೆ’ ಎಂದರು ಮೇಷ್ಟ್ರು. ಕವಚ ಕಟ್ಟಲು ಕೊಳವೆಬಾವಿಯ ಸವುಳು ನೀರು ಬೇಡವೆಂದು ಎರಡೆರಡು ಸಲ ಹೇಳಿದರು. ಉಪ್ಪಿದ್ದರೆ ಹೊಸ ಸರಳೂ ಅದೇ ದಾರಿ ಹಿಡಿಯುತ್ತದೆ.

ನಾವು ಹೊರಡುವಾಗ ಏಳನೇ ತರಗತಿ ಬೇವಿನ ಮರದಡಿ ಕೂತಿತ್ತು. ಊರಿನ ಇಬ್ಬರು ಮರದ ದಿಮ್ಮಿ ಹೊತ್ತು ಪಡಸಾಲೆಯತ್ತ ಬರುತ್ತಿದ್ದರು.