ನಾಯ್ಸ್ ಒಂದು ಎಂದಿಟ್ಟುಕೊಳ್ಳೋಣ

ಕಸಾರಾ ಲೋಕಲ್ ಟಿಟ್ವಾಳಾ ಬಿಡುವಾಗ ಪ್ಯಾಂಟೋಗ್ರಾಫಿನಿಂದ ಚಟ್ಟನೆ ಕಿಡಿ ಹಾರುತ್ತದೆ. 25 ಕಿಲೋವೋಲ್ಟಿನ ಕಿಡಿ. ಅದೇ ಗಳಿಗೆಗೆ, ರೇಡಿಯೋ ಸ್ಪೆಕ್ಟ್ರಮ್ ತೋರಿಸುವ ನನ್ನ ಲ್ಯಾಪ್‌ಟಾಪಿನ ವಾಟರ್‌ಫಾಲಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದು ಹಳದಿ ಅಡ್ಡಗೆರೆ. ಕಂಡಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಒಟ್ಟು ಪವರ್ ಅಳೆದೇ ಸಿಗ್ನಲ್ ಇದೆಯೋ ಇಲ್ಲವೋ ಎನ್ನುವ ಎನರ್ಜಿ ಡಿಟೆಕ್ಟರ್ ಪಂಗಡದವರ ಥ್ರೆಶೋಲ್ಡು ಇಲ್ಲಿ ಮುಗ್ಗರಿಸಿತಲ್ಲ!

ಉರ್ಕೋವಿಟ್ಜ್ 1967ರಲ್ಲೇ ಈ ಡಿಟೆಕ್ಟರಿನ ಲೆಕ್ಕ ಚೊಕ್ಕಟವಾಗಿ ಬರೆದಿಟ್ಟ. ಅವನ ಮೇಲೆ ನನಗೆ ತಕರಾರಿಲ್ಲ. ತಕರಾರು ಇರುವುದು, ಮೊದಲ ಸಾಲಿನಲ್ಲೇ ‘ನಾಯ್ಸ್ ಪವರ್ ಒಂದು ಎಂದಿಟ್ಟುಕೊಳ್ಳೋಣ’ ಎನ್ನುವವರ ಮೇಲೆ. ಆ ಒಂದನ್ನು ಕೊಟ್ಟವರು ಯಾರು? ಅದು ಒಂದು ಡೆಸಿಬೆಲ್ ಅತ್ತಿತ್ತ ಆದರೂ ಸಾಕು, ಸಿಗ್ನಲ್-ನಾಯ್ಸ್ ಅನುಪಾತ ಮೈನಸ್ 3.3 ಡೆಸಿಬೆಲ್ ಇರುವಲ್ಲೇ ಗೋಡೆ ಎದ್ದುಬಿಡುತ್ತದೆ ಎಂದು ಟಂಡ್ರಾ ಮತ್ತು ಸಹಾಯ್ 2008ರಲ್ಲಿ ತೋರಿಸಿದ್ದಾರೆ. ಸಿಗ್ನಲ್ ಅದಕ್ಕಿಂತ ಕ್ಷೀಣವಾಗಿದ್ದರೆ ರಾತ್ರಿಯಿಡೀ ಸ್ಯಾಂಪಲ್ ಕೂಡಿಸಿ, ಉತ್ತರ ಸಿಗುವುದಿಲ್ಲ.

ನನ್ನ ಮದ್ದು ಮೀಡಿಯನ್. ಒಂದೇ ಎಫ್‌ಎಫ್‌ಟಿ, ಸರಾಸರಿಯ ಗೊಡವೆ ಬೇಡ. ಅಕ್ಕಪಕ್ಕದ ಮೂವತ್ತೆರಡು ಬಿನ್‌ಗಳ ಪವರನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಎತ್ತಿ, 0.693ರಿಂದ ಭಾಗಿಸಿ. ಅದೇ ನಾಯ್ಸ್. ಅದರ 4.6 ಪಟ್ಟು ಥ್ರೆಶೋಲ್ಡ್ ಇಟ್ಟರೆ ಸುಳ್ಳು ಕೂಗು ನೂರಕ್ಕೆ ಒಂದೆರಡು. ನಡುವೆ 98.3ರ ಮಿರ್ಚಿ ಅಬ್ಬರಿಸುತ್ತಿದ್ದರೂ ಮೀಡಿಯನ್ ಹೆಚ್ಚು ಅಲುಗುವುದಿಲ್ಲ. ಲೋಕಲಿನ ಕಿಡಿ ಬಂದರೆ ಅದರೊಟ್ಟಿಗೇ ಏರಿ, ಅದರೊಟ್ಟಿಗೇ ಇಳಿಯುತ್ತದೆ.

“ಅಲ್ಲ ಮಾರಾಯ್ರೇ, ಸಾರ್ಟ್ ಮಾಡಬೇಕಲ್ಲ, ಹಾರ್ಡ್‌ವೇರಿಗೆ ದುಬಾರಿ” ಎನ್ನುತ್ತಾರೆ ಡೊಂಬಿವಲಿಯ ಮಿತ್ರರು. ಮೂವತ್ತೆರಡು ಅಂಕಿ ಜೋಡಿಸುವುದು ದುಬಾರಿಯಂತೆ! ತಪ್ಪು ಥ್ರೆಶೋಲ್ಡಿನ ಮೇಲೆ ಹತ್ತು ಲಕ್ಷ ಸ್ಯಾಂಪಲ್ ಸುರಿಯುವುದು ಅಗ್ಗವೇ? ಸಿಮ್ಯುಲೇಶನ್ನಿನ ನುಣುಪು ಕರ್ವ್ ಮುಂದಿಡುವ, ಆಂಟೆನಾ ಮುಟ್ಟದವರ ಜೊತೆ ವಾದ ಮಾಡಿ ನನಗೂ ಸಾಕಾಗಿದೆ.

ಇನ್ನು ಕೆಲವರ ಪ್ರಕಾರ, ಚಾನೆಲ್ ಖಾಲಿ ಇದೆಯೇ ಎಂದು ಹೀಗೆ ಕಿವಿಗೊಡುವುದೇ (ಸೆನ್ಸಿಂಗೇ) ದಂಡ. ಪಕ್ಕದ ಪಾಲಘರ್ ಜಿಲ್ಲೆಯ ಖಾಮ್ಲೋಲಿಯಲ್ಲಿ ಟಿವಿ ಬ್ಯಾಂಡಿನ ಖಾಲಿ ಜಾಗದಿಂದ ಊರಿಗೆ ಇಂಟರ್ನೆಟ್ ಕೊಟ್ಟು ನೋಡಿದ ಐಐಟಿ ಬಾಂಬೆಯವರ ಲೆಕ್ಕದಂತೆ, ದೇಶದಲ್ಲಿ ಬಹುತೇಕ ಎಲ್ಲೆಡೆ 15 ಚಾನೆಲ್‌ಗಳಲ್ಲಿ 12 ಖಾಲಿ. ಅಮೆರಿಕದ ಎಫ್‌ಸಿಸಿ ಕೂಡ 2010ರಲ್ಲಿ, ಡೇಟಾಬೇಸ್ ನೋಡಿದರೆ ಸಾಕು, ಸೆನ್ಸಿಂಗ್ ಕಡ್ಡಾಯವಲ್ಲ ಎಂದಿತು. ಆಗಲಿ. ಯಾವ ಡೇಟಾಬೇಸಿಗೆ ಕಸಾರಾ ಲೋಕಲ್ ಗೊತ್ತು?

ಹಾಗಾಗಿ ನಾಯ್ಸ್ ಅಳೆಯಲೇಬೇಕು. ಅದಕ್ಕೇ, ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1948ರಲ್ಲಿ ಕೊಟ್ಟ ಸ್ಕೋರ್ ಟೆಸ್ಟ್ ನನಗೆ ಅಚ್ಚುಮೆಚ್ಚು. ಸಿಗ್ನಲ್ ಇಲ್ಲವೇ ಇಲ್ಲ ಎಂದುಕೊಂಡು ನಾಯ್ಸನ್ನಷ್ಟೇ ಅಂದಾಜಿಸಿದರೆ ಸಾಕು. ಸಿಗ್ನಲಿನ ಜಾತಕ ಬರೆಯುವ ಗೋಜೇ ಇಲ್ಲ. ಮಿತ್ರರಿಗೆ ಹೇಳಿದೆ. “ನೋಡಿ, ರಾಯರೂ ಸಾರ್ಟ್ ಮಾಡಲಿಲ್ಲ” ಅಂದರು.