ಹಾಜರಿ ಪುಸ್ತಕ ಹಿಡಿದ ದಿಂಡಿ

ಚಿಕ್ಕೋಡಿ ಸೀಮೆಯಲ್ಲಿ ಮದುವೆ ಹಂಗಾಮಿನ ಹಾಗೆ ಈಗ ಗುರುವಂದನೆಯ ಹಂಗಾಮೂ ಒಂದು ಆಗಿಬಿಟ್ಟಿದೆ. ಇಪ್ಪತ್ತೈದು ಮೂವತ್ತು ವರ್ಷಗಳ ಹಿಂದೆ ಹತ್ತನೆಯ ಇಯತ್ತೆ ಮುಗಿಸಿದವರು ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಹುಡುಕಿ ಹಿಡಿದು, ಅದೇ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ನಿವೃತ್ತರಾದ ಸರ್‌ಗಳಿಗೂ ಅಕ್ಕೋರಿಗೂ ಶಾಲು ಹೊದಿಸಿ, ಫೇಟಾ ಸುತ್ತಿ, ಕಾಲಿಗೆ ಬಿದ್ದು, ತಮ್ಮ ತಮ್ಮಲ್ಲಿ ಮಾತ್ರ ‘ಲೇ’ ಎಂದು ಕರೆದುಕೊಂಡು ಒಂದು ದಿನ ಕಳೆಯುತ್ತಾರೆ. ರಾಯಬಾಗದಿಂದ ಕಾಗವಾಡದವರೆಗೆ ಕಾರ್ಯಕ್ರಮದ ಯಾದಿ ಹೆಚ್ಚುಕಡಿಮೆ ಒಂದೇ: ಪ್ರಾರ್ಥನೆ, ಸ್ವಾಗತ, ಅಗಲಿದ ಸಹಪಾಠಿಗಳಿಗೆ ಒಂದು ನಿಮಿಷ ಮೌನ, ಸನ್ಮಾನ, ಭಾಷಣ, ಊಟ, ಫೋಟೋ. ಇದರಲ್ಲಿ ನನ್ನ ಗಮನ ನಿಲ್ಲುವುದು ಮೂರನೆಯ ಬಾಬಿನ ಮೇಲೆ. ಇನ್ನೂ ಐವತ್ತು ಮುಟ್ಟದವರ ಸಭೆಯಲ್ಲಿ ಆ ಮೌನಕ್ಕೆ ಹೆಸರುಗಳನ್ನು ಓದಬೇಕಾಗುತ್ತದೆ. ಹೇಗೆ ಹೋದರು ಎಂದರೆ ಕೆಲವರದು ಬೈಕಿನ ಅಪಘಾತ, ಕೆಲವರದು ಎದೆನೋವು. ಇನ್ನು ಕೆಲವರ ವಿಷಯಕ್ಕೆ ಬಂದಾಗ ದನಿ ತಗ್ಗುತ್ತದೆ, ‘ದೊಡ್ಡ ಬ್ಯಾನಿ’ ಎಂಬ ಎರಡು ಶಬ್ದಕ್ಕೆ ಮಾತು ಮುಗಿಯುತ್ತದೆ. ಕ್ಯಾನ್ಸರಿನ ಹೆಸರು ಹೇಳಿದರೆ ಮೈಗೆ ಹತ್ತೀತು ಎಂಬ ಅಂಜಿಕೆ.

ಇಂಥ ಬಳಗಗಳು ಶಾಲೆಗೆ ನೀರಿನ ಟ್ಯಾಂಕು, ಪ್ರೊಜೆಕ್ಟರು ಕೊಟ್ಟು ಮುಗಿಸಿದ ಮೇಲೆ ಮುಂದೇನು ಎಂದು ಕೇಳಿಕೊಂಡಾಗ, ನಗರಗಳಲ್ಲಿ ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನದ ಸುತ್ತ ನಡೆಯುವ ಜಾಗೃತಿ ನಡಿಗೆಗಳು ನೆನಪಾಗುವುದು ಸಹಜ. ‘ನಾವೂ ಒಂದು ವಾಕ್ ಮಾಡೂಣು, ರೊಕ್ಕಾ ಕೂಡಿಸೂಣು.’ ಮಾಡಲೇಬೇಕು ಎಂಬ ಪಕ್ಷ ನನ್ನದು. ಆದರೆ ಕಾರಣ ಬೇರೆ. ಹಳೆಯ ತರಗತಿಯೊಂದು ಕ್ಯಾನ್ಸರಿನ ವಿರುದ್ಧ ಬಳಸಬಲ್ಲ ಬಲ ಅದರ ಕಿಸೆಯಲ್ಲಿಲ್ಲ, ಅದರ ವಯಸ್ಸಿನಲ್ಲಿದೆ. ಒಂದೇ ವರ್ಷ ಹುಟ್ಟಿದ, ಬೇರೆ ಬೇರೆ ಓಣಿಯ, ಬೇರೆ ಬೇರೆ ಜಾತಿಯ, ಗಂಡು ಹೆಣ್ಣು ಕೂಡಿದ ಐವತ್ತು ಅರವತ್ತು ಜನರ ಹೆಸರು ಕ್ರಮಾಂಕದೊಡನೆ ಬರೆದಿಟ್ಟಿರುವ, ಶಾಲೆಯ ಹಾಜರಿ ಪುಸ್ತಕದಂಥ ಇನ್ನೊಂದು ಪುಸ್ತಕ ಊರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕ್ಯಾನ್ಸರ್ ತಪಾಸಣೆ ಎಂಬುದು ವಯಸ್ಸು ನೋಡಿ ಮಾಡುವ ಕೆಲಸ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರ ಬಾಯಿ, ಅದೇ ವಯಸ್ಸು ದಾಟಿದ ಹೆಂಗಸರ ಸ್ತನ ಮತ್ತು ಗರ್ಭಕಂಠ, ಇಷ್ಟನ್ನು ಪರೀಕ್ಷಿಸಬೇಕೆಂದಿದೆ. ಒಂದು ತರಗತಿ 30 ದಾಟಿದರೆ ಇಡಿಯಾಗಿ ದಾಟಿದಂತೆಯೇ.

ನಡಿಗೆಯನ್ನು ಈ ಸೀಮೆಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ಆಷಾಢ ಬಂದರೆ ದಿಂಡಿಗಳು, ಅಂದರೆ ಭಕ್ತರ ಕಾಲ್ನಡಿಗೆಯ ತಂಡಗಳು, ಪಂಢರಪುರದ ದಾರಿ ಹಿಡಿಯುತ್ತವೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಕಡೆಯಿಂದ ಚಕ್ಕಡಿಗಳೂ ಕಾಲ್ನಡಿಗೆಯವರೂ ಬರುತ್ತಾರೆ. ಯುಗಾದಿಗೆ ಶ್ರೀಶೈಲ ಮುಟ್ಟಬೇಕೆಂದು ಕಂಬಿ ಹೊತ್ತು ಹೊರಟವರಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ. ದಾರಿಯ ಊರಿನವರು ಮಜ್ಜಿಗೆ ಕೊಡುತ್ತಾರೆ, ಊಟಕ್ಕೆ ಕೂರಿಸುತ್ತಾರೆ, ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ಈ ಯಾತ್ರೆಗಳಲ್ಲಿ ನಮ್ಮ ನಡಿಗೆಗೆ ಬೇಕಾದ ಎರಡು ಗುಣ ಇವೆ. ಜೊತೆಯವರಲ್ಲಿ ಒಬ್ಬ ಹಿಂದೆ ಬಿದ್ದರೆ ಗುಂಪಿಗೆ ಗೊತ್ತಾಗುತ್ತದೆ, ಮರದ ನೆರಳಿನಲ್ಲಿ ಕೂತು ಕಾಯುತ್ತಾರೆ. ಮತ್ತೆ, ಹತ್ತು ಹನ್ನೆರಡು ಮೈಲು ಹೆಗಲಿಗೆ ಹೆಗಲು ಹಚ್ಚಿ ನಡೆದಾಗ, ಎದುರುಬದುರು ಕೂತು ಆಡಲಾಗದ ಮಾತುಗಳು ಬಾಯಿಗೆ ಬರುತ್ತವೆ. ಪಕ್ಕದವನ ಮುಖ ನೋಡಬೇಕಾಗಿಲ್ಲವಲ್ಲ, ದಾರಿ ನೋಡಿದರೆ ಸಾಕು.

ಹಣಕ್ಕಾಗಿ ನಡೆಯುವ ಪದ್ಧತಿ ಬಂದದ್ದು ಆಚೆಯಿಂದ, ನಿಜ. ಅಲ್ಲೂ ಬೇರಿನಲ್ಲಿ ಗೆಳೆತನವೇ ಇದೆ. ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡಿದ್ದ ಕೆನಡಾದ ಟೆರಿ ಫಾಕ್ಸ್ 1980ರ ಏಪ್ರಿಲ್ 12ರಂದು ಕೃತಕ ಕಾಲಿನ ಮೇಲೆ ಓಡಲು ಶುರುಮಾಡಿ, 143 ದಿನಗಳಲ್ಲಿ 5,373 ಕಿಲೋಮೀಟರ್ ದಾಟಿದಾಗ ರೋಗ ಶ್ವಾಸಕೋಶಕ್ಕೆ ಹಬ್ಬಿ ನಿಲ್ಲಬೇಕಾಯಿತು. ಅಷ್ಟು ದಾರಿ ಹಿಂದೆ ಮುಂದೆ ವ್ಯಾನು ಓಡಿಸುತ್ತ, ಅಡುಗೆ ಬೇಯಿಸುತ್ತ, ಬೈಗುಳ ತಿನ್ನುತ್ತ ಇದ್ದವನು ಅವನ ಶಾಲೆಯ ಗೆಳೆಯ ಡಗ್ ಆಲ್ವರ್ಡ್. ಇಬ್ಬರಿಗೂ ಜಗಳ ಬಂದು ಮಾತು ನಿಂತು, ಟೆರಿಯ ತಂದೆತಾಯಿ ವಿಮಾನ ಹತ್ತಿ ಬಂದು ರಾಜಿ ಮಾಡಿಸಬೇಕಾಯಿತು. ಕೆನಡಾದ ಪ್ರತಿಯೊಬ್ಬನಿಂದ ಒಂದು ಡಾಲರ್ ಎಂಬುದು ಟೆರಿಯ ಗುರಿ. 1981ರ ಫೆಬ್ರವರಿಗೆ ಎರಡು ಕೋಟಿ ನಲವತ್ತು ಲಕ್ಷ ದಾಟಿ ಗುರಿ ಮುಟ್ಟಿತು, ಜೂನಿನಲ್ಲಿ ಅವನು ತೀರಿಕೊಂಡ. 1985ರಲ್ಲಿ ಅಮೆರಿಕದ ಟಕೋಮಾದ ವೈದ್ಯ ಗಾರ್ಡನ್ ಕ್ಲಾಟ್ 24 ತಾಸು ಮೈದಾನ ಸುತ್ತಿದಾಗಲೂ ಅವನ ಗೆಳೆಯರು ತಲಾ 25 ಡಾಲರ್ ತೆತ್ತು ಅರ್ಧರ್ಧ ತಾಸು ಜೊತೆಗೆ ಹೆಜ್ಜೆ ಹಾಕಿದರು. ಈ ಕಥೆಗಳಿಂದ ನಾವು ಮೊತ್ತವನ್ನಷ್ಟೇ ಎತ್ತಿಕೊಂಡು ವ್ಯಾನು ಓಡಿಸಿದವನನ್ನು ಬಿಟ್ಟುಬಿಡುತ್ತೇವೆ.

ಮಾತಿನಿಂದ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂದು ಕೇಳುವವರಿಗೆ ದೂರದ ಉತ್ತರ ಬೇಕಾಗಿಲ್ಲ. ದಿಂಡಿ ಹೋಗಿ ಮುಟ್ಟುವ ಪಂಢರಪುರ ಇರುವ ಸೋಲಾಪುರ ಜಿಲ್ಲೆಯಲ್ಲೇ ಬಾರ್ಶಿ ಇದೆ. ಅಲ್ಲಿನ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಹಳ್ಳಿಯಲ್ಲಿ ಸಾವಿನ ಲೆಕ್ಕವೂ ಸರಿಯಾಗಿ ಸಿಗದ ಕಾಲ ಅದು. ನೋಂದಣಿಯವರು ಊರೂರು ತಿರುಗಿ, ಕಟ್ಟೆಯ ಮೇಲೆ ಕೂತವರನ್ನೂ ಮನೆಯೊಳಗಿನ ಹೆಂಗಸರನ್ನೂ ಮಾತಾಡಿಸಿ, ಲಕ್ಷಣ ಇದ್ದವರನ್ನು ಆಸ್ಪತ್ರೆಗೆ ಕರೆಯತೊಡಗಿದರು. ಬಂದದ್ದು ಲೆಕ್ಕ ಬರೆಯಲು. ಆದರೆ ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರನ್ನು ಮೊದಲ ಹಂತಗಳಲ್ಲೇ ತೋರಿಸಿಕೊಳ್ಳುವವರ ಪ್ರಮಾಣ ಏರಿತು. ಮನುಷ್ಯರು ಮನುಷ್ಯರನ್ನು ಮಾತಾಡಿಸಿದ್ದರ ಫಲ ಅದು. ಮುಂದೆ ಪಕ್ಕದ, ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಲಕ್ಷಕ್ಕೂ ಮೀರಿದ ಹೆಂಗಸರ ನಡುವೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ, ಒಂದೇ ಸಲದ ಎಚ್‌ಪಿವಿ ವೈರಾಣುವಿನ ತಪಾಸಣೆಯಿಂದ ಆ ರೋಗದ ಸಾವು ಅರ್ಧದಷ್ಟು ಇಳಿಯುತ್ತದೆಂದು ತೋರಿಸಿತು. ಬಾಯಿಯ ಮಾತಿಗೆ ಬಂದರೆ, ತಿರುವನಂತಪುರ ಜಿಲ್ಲೆಯ ಪಂಚಾಯತಿಗಳಲ್ಲಿ 1996ರಿಂದ ತರಬೇತಿ ಪಡೆದ ಕಾರ್ಯಕರ್ತರು, ವೈದ್ಯರಲ್ಲದವರು, ಮನೆಮನೆಗೆ ಹೋಗಿ ಬಾಯಿ ನೋಡಿದರು. ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ಇಳಿಯಿತು. ಇಷ್ಟೆಲ್ಲ ಗೊತ್ತಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರೊಳಗಿನ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ನೂರಕ್ಕೆ 1.9, ಸ್ತನದ್ದು 0.9. ಗಂಡಸರಲ್ಲಿ ಬಾಯಿ ತೋರಿಸಿದವರು 1.2. ಅರವತ್ತು ಜನರ ತರಗತಿಗೆ ಹಿಡಿದು ನೋಡಿದರೆ ಒಬ್ಬನೂ ಪೂರ್ತಿ ಸಿಗುವುದಿಲ್ಲ.

ತಪಾಸಣೆ ಯಾರಿಗೆ ಬೇಕೆಂಬುದು ಗುರುವಂದನೆಯ ಊಟದ ಪಂಕ್ತಿಯಲ್ಲೇ ಕಣ್ಣಿಗೆ ಬೀಳುವಂಥದು. ಎಲೆಗೆ ಹೋಳಿಗೆ, ಎಣ್ಣೆಗಾಯಿ, ರಂಜಕ ಬಂದಿರುತ್ತವೆ. ಒಬ್ಬ ಮಾತ್ರ ರಂಜಕವನ್ನು ಎಲೆಯ ಅಂಚಿಗೆ ಸರಿಸಿ, ರೊಟ್ಟಿ ಬಿಟ್ಟು, ಮೊಸರನ್ನ ಹಾಕಿಸಿಕೊಳ್ಳುತ್ತಾನೆ. ‘ಖಾರ ಆಗಿ ಬರೂದಿಲ್ಲೋ’ ಎನ್ನುತ್ತಾನೆ. ಹುಟ್ಟಿದಾಗಿನಿಂದ ಹಿಂಡಿಖಾರದಲ್ಲಿ ರೊಟ್ಟಿ ತಿಂದವನ ಬಾಯಿಗೆ ನಲವತ್ತರಲ್ಲಿ ಖಾರ ಉರಿಯತೊಡಗಿದರೆ ಅದನ್ನು ಹೊಟ್ಟೆಯ ಲೆಕ್ಕಕ್ಕೆ ಬರೆಯಬಾರದು. ಗುಟಖಾ, ಮಾವಾ ಜಗಿದವರ ಗಲ್ಲದ ಒಳಚರ್ಮ ಬಿಗಿದು ನಾರಾಗುತ್ತ ಹೋಗುವಾಗ ಮೊದಲು ಉರಿ ಬರುತ್ತದೆ, ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಸರಿಯಾದ ಬಾಯಿಯಲ್ಲಿ ಅವನವೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ತೂರಿಸಲು ಬರಬೇಕು. ಎರಡಕ್ಕೇ ಸಿಕ್ಕಿಕೊಂಡರೆ, ಎರಡು ವಾರಕ್ಕೂ ಮಾಯದ ಹುಣ್ಣಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆಯಿದ್ದರೆ ಡಾಕ್ಟರಿಗೆ ತೋರಿಸಬೇಕು. ಹೆಂಡತಿ ಹೇಳಿದರೆ ‘ನಿಂದೇನ ಹಚ್ಚಿ’ ಎನ್ನುವವನು, ಮಗ ಹೇಳಿದರೆ ಗದರಿಸುವವನು, ಹಿಂದಿನ ಬೆಂಚಿನ ಗೆಳೆಯ ‘ಬಾಯಿ ತಗೀಲೇ, ನೋಡೂಣು’ ಎಂದರೆ ನಗುತ್ತಲೇ ತೆಗೆಯುತ್ತಾನೆ. ಈ ಸಲಿಗೆ ಇನ್ನಾರಿಗೂ ಇಲ್ಲ. ಗೆಳೆಯ ರೋಗ ಹೇಳಬೇಕಾಗಿಲ್ಲ, ಹೇಳಲೂಬಾರದು. ದವಾಖಾನೆಯವರೆಗೆ ಜೊತೆಗೆ ಹೋದರೆ ಆಯಿತು.

ತಂಬಾಕಿನ ಊರಿನವರು ಕ್ಯಾನ್ಸರ್ ನಡಿಗೆ ಮಾಡುವುದು ಆಷಾಢಭೂತಿತನವಲ್ಲವೇ ಎಂಬ ಆಕ್ಷೇಪಣೆ ಇದೆ. ಇದು ಹಗುರಾದ ಮಾತಲ್ಲ. ನಿಪ್ಪಾಣಿಯ ಎಷ್ಟೋ ತರಗತಿಗಳ ಫೀ ತುಂಬಿದ್ದು ತಂದೆ ಬೆಳೆದ ತಂಬಾಕು, ತಾಯಿ ಸುತ್ತಿದ ಬೀಡಿ. 1981ರಲ್ಲಿ ರೈತ ಮುಖಂಡ ಶರದ್ ಜೋಶಿಯವರ ಮುಂದಾಳುತನದಲ್ಲಿ ತಂಬಾಕಿಗೆ ಸರಿಯಾದ ದರ ಕೇಳಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ ಪೊಲೀಸರ ಗುಂಡು ಹಾರಿ ಜೀವಗಳು ಹೋದವು. ಆ ಮನೆಗಳ ಮಕ್ಕಳ ಎದುರು ‘ತಂಬಾಕು ವಿಷ’ ಎಂಬ ಫಲಕ ಎತ್ತಿ ಹೋದರೆ ಅದು ಬೋಧನೆಯಾಗುವುದಕ್ಕಿಂತ ಮೊದಲು ಅವಮಾನವಾಗುತ್ತದೆ. ಆದರೆ ಬೆಳೆದವನಿಗೂ, ಧೂಳಿನಲ್ಲಿ ಕೂತು ಸುತ್ತಿದವಳಿಗೂ, ಜಗಿದವನಿಗೂ ತಪಾಸಣೆ ಬೇಡವೆಂದು ಇದರಿಂದ ಸಾಬೀತಾಗುವುದಿಲ್ಲ, ಅವರಿಗೇ ಮೊದಲು ಬೇಕೆಂದಾಗುತ್ತದೆ. ಮುಂಜಾನೆ ಮಶೇರಿಯಿಂದ, ಅಂದರೆ ಹುರಿದ ತಂಬಾಕಿನ ಪುಡಿಯಿಂದ, ಹಲ್ಲುಜ್ಜುವ ಹೆಂಗಸರಿದ್ದಾರೆ, ಅದನ್ನು ಅವರು ಚಟವೆಂದೇ ಎಣಿಸುವುದಿಲ್ಲ. 2016–17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರಿಗಿಂತ ಬಾಯಿಗೆ ಹಾಕಿಕೊಳ್ಳುವವರೇ ಹೆಚ್ಚಿದ್ದರು. ರಾಜ್ಯ 2013ರಲ್ಲಿ ಗುಟಖಾ ನಿಷೇಧಿಸಿತು. ಅಂಗಡಿಯ ದಾರಕ್ಕೆ ಈಗ ಒಂದರ ಬದಲು ಎರಡು ಪೊಟ್ಟಣ ಜೋತಾಡುತ್ತವೆ, ಪಾನ್ ಮಸಾಲೆ ಒಂದು, ಜರ್ದಾ ಇನ್ನೊಂದು. ಹರಿದು ಅಂಗೈಯಲ್ಲಿ ಕೂಡಿಸುವ ಕೆಲಸ ಗಿರಾಕಿಯದು. 2003ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ಇವನ್ನು ಮಾರಬಾರದೆನ್ನುತ್ತದೆ. ಸಹಪಾಠಿಗಳ ನಡಿಗೆ ಶಾಲೆಯ ಗೇಟಿನಿಂದಲೇ ಹೊರಡಲಿ, ಮೊದಲ 100 ಗಜವನ್ನು ಟೇಪು ಹಿಡಿದು ನಿಧಾನವಾಗಿ ನಡೆಯಲಿ ಎಂಬುದು ನನ್ನ ಸಲಹೆ. ರೈತನನ್ನು ನೋಯಿಸದೆ, ಘೋಷಣೆ ಕೂಗದೆ, ಎಷ್ಟು ದಾರ ಜೋತಾಡುತ್ತಿವೆ ಎಂದು ಎಣಿಸಿದರೂ ಪಂಚಾಯಿತಿಗೆ ಬರೆಯಲು ಒಂದು ಅರ್ಜಿ ಸಿದ್ಧವಾಗುತ್ತದೆ.

ಇನ್ನು ಆಡಂಬರದ ಮಾತು. ಟೀಶರ್ಟು, ಫ್ಲೆಕ್ಸು, ಡ್ರೋನು, ಶಾಸಕರಿಗೆ ಹಾರ, ಇಷ್ಟಕ್ಕೆ ಕೂಡಿಸಿದ ಹಣದ ಅರ್ಧ ಹೋದರೆ ನಡೆಯದೆ ಆ ಹಣವನ್ನು ನೇರ ರೋಗಿಗೆ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಟೀಶರ್ಟಿನ ಮಟ್ಟಿಗೆ ಅವರ ಮಾತಿಗೆ ನನ್ನದೂ ಸಹಿ. ನಡಿಗೆ ಬೇಡವೆಂಬುದಕ್ಕೆ ಒಪ್ಪಲಾರೆ, ಏಕೆಂದರೆ ಯಾರಿಗೆ ಯಾವ ಖರ್ಚು ಇದೆಯೆಂದು ಗೊತ್ತಾಗುವುದೇ ನಡೆಯುವಾಗಿನ ಮಾತಿನಲ್ಲಿ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಎಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಆಸ್ಪತ್ರೆಗಳು ಮೊದಲಿಗಿಂತ ಹತ್ತಿರ ಬಂದಿವೆ: ಮಿರಜಿನಲ್ಲಿ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ, ಹುಬ್ಬಳ್ಳಿಯ ನವನಗರದಲ್ಲಿ ಒಂದು, ಬೆಳಗಾವಿಯಲ್ಲಿ 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ. ಚಿಕಿತ್ಸೆಯ ಬಿಲ್ಲಿಗೆ ಸರ್ಕಾರದ ಕಾರ್ಡು ಒದಗಬಹುದು. ಕುಡಚಿಯಿಂದಲೋ ಶೇಡಬಾಳದಿಂದಲೋ ಮಿರಜಿಗೆ ಮೂವತ್ತು ಸಲ ಹೋಗಿಬರುವ ರೈಲು ಟಿಕೀಟಿಗೆ, ಜೊತೆಗೆ ಹೋಗುವವನ ಕಳೆದ ಪಗಾರಿಗೆ, ನುಂಗಲಾಗದವನಿಗೆ ಮಾಡಿಕೊಡುವ ಗಂಜಿಗೆ ಯಾವ ಕಾರ್ಡೂ ಇಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಂಥ ಸಣ್ಣ ಖರ್ಚುಗಳಲ್ಲಿ. ಒಂದು ತರಗತಿಯ ವಂತಿಗೆ ಆಸ್ಪತ್ರೆ ಕಟ್ಟಲಾರದು, ಒಬ್ಬನ ಆರು ವಾರವನ್ನು ಹೊರಬಲ್ಲದು. ಇದು ಸರ್ಕಾರದ ಕೆಲಸವಲ್ಲವೇ ಎಂದರೆ ತಪಾಸಣೆ, ಔಷಧ, ಯಂತ್ರ ಅದರ ಕೆಲಸವೇ ಹೌದು, ಜಗಳಾಡಿ ಮಾಡಿಸಿಕೊಳ್ಳಬೇಕು. ಆದರೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಹೊಲಕ್ಕೆ ಹೋಗಿರುವ ಗಂಡಸನ್ನು ಹಿಡಿದು ತರುವ ಇಲಾಖೆ ಇಲ್ಲ.

ನನಗೆ ನಿಜವಾಗಿ ಕಷ್ಟವೆನಿಸುವುದು ಹೆಣ್ಣುಮಕ್ಕಳ ಪ್ರಶ್ನೆ. ತರಗತಿಯ ಹಳೆಯ ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಕೂತವರು ವಾಟ್ಸಾಪ್ ಗುಂಪಿನಲ್ಲಿ ಕಾಣುವುದಿಲ್ಲ. ಮದುವೆಯಾಗಿ ಅಡ್ಡಹೆಸರು ಬದಲಾಗಿದೆ, ಊರು ಇಚಲಕರಂಜಿಯೋ ಸಾಂಗಲಿಯೋ ಆಗಿದೆ. ಕೆಲವರ ಫೋನು ಇರುವುದು ಗಂಡನ ಕೈಯಲ್ಲಿ. ಸೇರಿಸಿಕೊಂಡರೂ ಗಂಡುಹುಡುಗರ ಗುಂಪಿನಲ್ಲಿ ಎದೆಯ ಗಂಟಿನ ಮಾತು, ಬಿಳಿಸೆರಗಿನ ಮಾತು ಎತ್ತಲಾಗದು. ಗುಟ್ಟು ಒಡೆದೀತು, ಮಗಳ ಸಂಬಂಧಕ್ಕೆ ಅಡ್ಡಿಯಾದೀತು ಎಂಬ ಭಯ ಪೊಳ್ಳಲ್ಲ. ಆದ್ದರಿಂದ ಅವರ ದಿಂಡಿ ಅವರದೇ ಇರಬೇಕು, ಮುಂದೆ ನಡೆಯುವವಳೂ ಅವರಲ್ಲೊಬ್ಬಳೇ ಆಗಬೇಕು. ಯಾರು ತೋರಿಸಿಕೊಂಡರು ಎಂಬುದಷ್ಟೇ ಪುಸ್ತಕಕ್ಕೆ, ಏನು ಬಂತು ಎಂಬುದು ಅವಳಿಗೂ ಡಾಕ್ಟರಿಗೂ ಮಾತ್ರ. ಅಂದಹಾಗೆ, ಒಂದೇ ಕಾಂಪೌಂಡಿನ ಕನ್ನಡ ಶಾಲೆಯವರದೂ ಮರಾಠಿ ಶಾಲೆಯವರದೂ ಬೇರೆ ಬೇರೆ ಗುರುವಂದನೆ ನಡೆಯುವ ಊರುಗಳಲ್ಲಿ ಈ ಒಂದು ದಿನವಾದರೂ ಎರಡು ಪುಸ್ತಕ ಕೂಡಬಹುದು.

ಹೀಗೆ ಹೊರಡುವ ನಡಿಗೆ ತಾಲೂಕು ಕಚೇರಿಯ ಮುಂದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಮುಗಿಯಬೇಕು. ಮೊದಲೇ ಹೇಳಿಟ್ಟ ದಿನ, ಮೊದಲೇ ಹೇಳಿಟ್ಟ ಡಾಕ್ಟರು. ಅಲ್ಲಿ ಹಳೆಯ ಸರ್ ಒಬ್ಬರನ್ನು ಕುರ್ಚಿ ಹಾಕಿ ಕೂರಿಸಿ, ಶಾಲಿನ ಬದಲು ಹಾಜರಿ ಪುಸ್ತಕದ ಝೆರಾಕ್ಸ್ ಕೈಗೆ ಕೊಟ್ಟರೆ ಅವರು ಒಂದನೇ ನಂಬರಿನಿಂದ ಕೂಗುತ್ತಾರೆ. ಎದ್ದು ಒಳಗೆ ಹೋಗಿ ಬಂದವರ ಹೆಸರಿಗೆ ಒಂದು ಗೆರೆ. ಉತ್ತರ ಬಾರದ ಹೆಸರುಗಳ ಮುಂದೆ ಯಾರಾದರೊಬ್ಬರು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು: ಇಚಲಕರಂಜಿಗೆ ಕೊಟ್ಟಿದ್ದಾರೆ, ಅಣ್ಣ ಉಗಾರ ಫ್ಯಾಕ್ಟರಿಯಲ್ಲಿದ್ದಾನೆ, ಅವನ ಕಡೆ ನಂಬರು ಕೇಳುವುದು.