ಒಂದೇ ಗಿರಾಕಿಯ ಕಂಪನಿ

2008ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು. ಚಳಿಗಾಲ ಬರುವಷ್ಟರಲ್ಲಿ ಅದರ ಏಟು ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಒಂದು ಮನೆಗೂ ಬಿತ್ತು.

ಆ ಮನೆಯ ಮಗ, ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯ, ಹೈದರಾಬಾದಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಅದಕ್ಕಿದ್ದದ್ದು ಒಂದೇ ದೊಡ್ಡ ಗಿರಾಕಿ, ಅಮೆರಿಕದ ಬ್ಯಾಂಕು. ಒಳ್ಳೆಯ ದರ ಸಿಗುತ್ತದೆಂದು ಮಾಲೀಕರು ಉಳಿದ ಕೆಲಸಗಳನ್ನು ಬಿಟ್ಟು, ಹುಡುಗರನ್ನೆಲ್ಲ ಆ ಒಂದೇ ಪ್ರಾಜೆಕ್ಟಿಗೆ ಹಾಕಿದ್ದರು. ಬ್ಯಾಂಕು ಕೈಯೆತ್ತಿತು. ಎಲ್ಲರೂ ಪ್ರಾಜೆಕ್ಟಿಲ್ಲದೆ ಬೆಂಚಿಗೆ ಬಂದರು, ತಿಂಗಳೊಳಗೆ ಮನೆಗೆ. ಗೆಳೆಯನ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದೇ ನನಗೆ ಇವತ್ತಿಗೂ ಸಂಕಟ.

ಬೀದರ ಕಡೆಯ ಚಳಿ ಗೊತ್ತಲ್ಲ. ಗೆಳೆಯ ಊರಿಗೆ ಬಂದಾಗ ಅವರ ಹೊಲದಲ್ಲಿ ತೊಗರಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ ಕೂತಿದ್ದೆವು. ಕಂಪನಿಯ ಕಾರ್ಡು ವಾಪಸ್ ಕೊಟ್ಟಿದ್ದ; ಅದರ ನೀಲಿ ಪಟ್ಟಿಯನ್ನು ಮಾತ್ರ ಬೈಕಿನ ಕೀಲಿಗೆ ಕಟ್ಟಿಕೊಂಡಿದ್ದ. ಅವನ ತಂದೆ, ನನಗೆ ಕಾಕಾ, ಎಲ್ಲ ಕೇಳಿಸಿಕೊಂಡು ಅಂದರು: “ಅಲ್ಲಪಾ, ಇಡೀ ಹೊಲ್ದಾಗ ಒಂದೇ ಬೆಳಿ ಯಾಂವ ಬಿತ್ತತಾನ? ತೊಗರಿ ಜೋಡಿ ಹೆಸರು, ಉದ್ದು ಹಾಕ್ತೀವಿ. ಮಳಿ ಹೆಚ್ಚಾಗಿ ಉದ್ದು ಕೊಳತ್ರ ತೊಗರಿ ಕೈ ಹಿಡಿತದ. ನಿಮ್ಮ ಸಾಹೇಬ್ರಿಗಿ ಇಷ್ಟು ತಿಳಿಲಿಲ್ಲೇನು?”

ಆಗ ನಾನು ಇನ್ಫೋಸಿಸ್ ಕಥೆ ಹೇಳಿದೆ. 1995ರಲ್ಲಿ ಅದರ ಆದಾಯದ ಶೇ. 25ರಷ್ಟು ಒಬ್ಬನೇ ಗಿರಾಕಿಯಿಂದ ಬರುತ್ತಿತ್ತು. ಆ ಗಿರಾಕಿ, ಒಂದು ದೈತ್ಯ ಕಂಪನಿ, ಬೆಂಗಳೂರಿನ ತಾಜ್ ರೆಸಿಡೆನ್ಸಿ ಹೋಟೆಲಿನಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಗಳವರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂಡಿಸಿ, ದರ ಇಳಿಸಲು ಹಿಂಡಿತು. ಇನ್ಫೋಸಿಸ್ ಮುಖ್ಯಸ್ಥ ನಾರಾಯಣಮೂರ್ತಿ ಆ ದರಕ್ಕೆ ಒಲ್ಲೆ ಎಂದರು.

“ಒಲ್ಲೆ ಅನ್ಬೇಕಂದ್ರ ಮನ್ಯಾಗ ಬ್ಯಾರೆ ಕಾಳು ಇರಬೇಕು” ಅಂದರು ಕಾಕಾ. ನಿಜ, ಉಳಿದ ಮುಕ್ಕಾಲು ಪಾಲು ಬೇರೆಯವರಿಂದ ಬರುತ್ತಿತ್ತು. ನನ್ನ ಲೆಕ್ಕದಲ್ಲಿ ಆ ಧೈರ್ಯಕ್ಕಿಂತ ದೊಡ್ಡದು ಆಮೇಲಿನ ತೀರ್ಮಾನ: ಒಬ್ಬನೇ ಗಿರಾಕಿ, ಒಂದೇ ದೇಶ, ಒಂದೇ ತಂತ್ರಜ್ಞಾನವನ್ನು ಅತಿಯಾಗಿ ನೆಚ್ಚಬಾರದೆಂದು ಅವರು ಕಟ್ಟುನಿಟ್ಟು ಮಾಡಿಕೊಂಡರು. 1999ರಲ್ಲಿ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆಯನ್ನೇ ಏರಿತು.

ಗೆಳೆಯ ಕೆಲಕಾಲ ಬೀದರಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಮುಂದೆ ಬೆಂಗಳೂರು ಸೇರಿದ. ಹೊಸ ಕೆಲಸ ಒಪ್ಪುವ ಮುಂಚೆ ಗಿರಾಕಿಗಳ ಪಟ್ಟಿ ವಿಚಾರಿಸಿಕೊಂಡೇ ಒಪ್ಪಿದ.

ನಮ್ಮ ಜಿಲ್ಲೆಯಿಂದ ಸಂದರ್ಶನಕ್ಕೆ ಹೋಗುವ ಮಕ್ಕಳೇ, ಸಂಬಳ ಕೇಳಿ, ತಪ್ಪಿಲ್ಲ. ಹಾಗೆಯೇ ಆದಾಯದಲ್ಲಿ ಅತಿ ದೊಡ್ಡ ಗಿರಾಕಿಯ ಪಾಲು ಎಷ್ಟೆಂದೂ ಕೇಳಿ. ಇನ್ಫೋಸಿಸ್‌ನಂಥ ಕಂಪನಿಗಳು ದೊಡ್ಡ ಗಿರಾಕಿಗಳ ಒಟ್ಟು ಪಾಲನ್ನು ಮೂರು ತಿಂಗಳಿಗೊಮ್ಮೆ ತಾವೇ ಪ್ರಕಟಿಸುತ್ತವೆ, ಓದಿಕೊಂಡು ಹೋಗಿ.